ಗೋಡೆಯಾಚೆಯ ಸದ್ದು

ಮಾರ್ಚ್ 4, ಸೋಮವಾರ

ಬೆಳಗಿನ ಪಾಳಿ. ಗಂಟಲು ಕಟ್ಟಿದೆ. ಮೈಕಿನ ಮುಂದೆ ಕೂತಾಗ ಮಾತ್ರ ತಾನಾಗಿ ಬಿಟ್ಟುಕೊಳ್ಳುತ್ತದೆ, ಅಭ್ಯಾಸಬಲ. ‘ಪ್ರಯಾಣಿಕರ ಗಮನಕ್ಕೆ’ ಅನ್ನುವಾಗ ನಾನು ನಾನಾಗಿರುವುದಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಬೇರೆ ಯಾರೋ ಕೂತು ಮಾತಾಡುತ್ತಾರೆ. ಬಸ್ಸುಗಳು ಬರುತ್ತವೆ, ಹೋಗುತ್ತವೆ. ನಾನು ಹೇಳಿದ್ದಕ್ಕೇ ಬಂದವೇನೋ ಅನ್ನಿಸಿಬಿಡುತ್ತದೆ ಒಮ್ಮೊಮ್ಮೆ.

ಸಂಜೆ ಪಂಪಿನ ಸದ್ದಿನ ವಿಚಾರಕ್ಕೆ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ನಮ್ಮಲ್ಲೇ ಯಾಕೆಂದರೆ ನಮ್ಮ ಗೋಡೆಗೂ ನೀರಿನ ಪಂಪ್‌ಹೌಸಿನ ಗೋಡೆಗೂ ನಡುವೆ ಬೆಕ್ಕು ನುಸುಳುವಷ್ಟೇ ಜಾಗ. ಎದುರು ಮನೆ ಟೈಲರಣ್ಣ ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟು ತೋರಿಸಿದ. ನೀರು ನಡುಗುತ್ತಿತ್ತು. “ನೋಡಿ! ನನ್ನ ಸೂಜಿ ಡಬ್ಬಿನೂ ಹೀಗೇ, ದಿನವಿಡೀ ಹಲ್ಲು ಕಡೀತಿರುತ್ತೆ.”

ಟೀಚರಮ್ಮ ನಿವೃತ್ತಿಯಾಗಿ ಬಹಳ ಕಾಲವಾಯಿತು, ಆದರೂ ಎಲ್ಲರನ್ನೂ ಬೆಂಚಿನ ಮೇಲೆ ಕೂತ ಮಕ್ಕಳಂತೆಯೇ ನೋಡುತ್ತಾರೆ. “ಕೌನ್ಸಿಲ್ ಸಭೇಲಿ ನಾಗರಿಕರಿಗೆ ಮೂರು ನಿಮಿಷ ಕೊಡ್ತಾರೆ. ನಾವು ಹೋದ್ರೆ ಬರೀ ಜಗಳ. ನೀನು ಹೋಗಮ್ಮ. ನಿನ್ನ ದನಿಗೆ ಬಸ್ಸೇ ನಿಲ್ಲುತ್ತೆ, ಅಧ್ಯಕ್ಷೆ ನಿಲ್ಲಲ್ವಾ?”

ಹೊಗಳಿಕೆ. ಉಬ್ಬಿಹೋದೆ. ಒಪ್ಪಿಕೊಂಡೆ.

ಅಪ್ಪನನ್ನೂ ಒಂದು ಮಾತು ಕೇಳಿದೆವು. ಎಷ್ಟಾದರೂ ಆ ಪಂಪನ್ನು ನಡೆಸಿದವರು ಅವರೇ — ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೂ. ಈಗ ಮರೆವು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕಿಲ್ಲ. ಗೋಡೆ ಪಕ್ಕದ ಕುರ್ಚಿಯಲ್ಲಿ ಅರ್ಧ ಎಚ್ಚರ, ಅರ್ಧ ನಿದ್ದೆ.

“ಅಪ್ಪಾ, ಈ ಸದ್ದಿನಿಂದ ನಿಮಗೆ ತೊಂದ್ರೆ ಆಗ್ತಿದ್ಯಾ?”

ತಲೆ ಎತ್ತಿ ನೋಡಿದರು. “ಯಾವ ಸದ್ದು?”

ಎಲ್ಲರೂ ನಕ್ಕರು. ನಾನೂ. ಪಾಪ, ಕಿವಿಯೂ ಮಂದವಾಯಿತು ಅಂದುಕೊಂಡೆ.

ಮಾರ್ಚ್ 7, ಗುರುವಾರ

ಕೌನ್ಸಿಲ್ ಸಭೆ. ಎತ್ತರದ ಚಾವಣಿ, ಕಂದು ಪರದೆ, ನಿಧಾನಕ್ಕೆ ತಿರುಗುವ ಫ್ಯಾನು. ಅಧ್ಯಕ್ಷೆಯ ಮುಂದೆ ಒಂದು ಪುಟ್ಟ ಗಂಟೆ. ಮೂರು ನಿಮಿಷ ಮುಗಿದರೆ ಟಿಂಗ್. ನನಗಿಂತ ಮುಂಚೆ ಒಬ್ಬರು — ಹಗಲೆಲ್ಲ ಉರಿದು ಸಂಜೆಗೆ ಆರುವ ಬೀದಿದೀಪದ ಬಗ್ಗೆ. ಇನ್ನೊಬ್ಬರು ಪಾರಿವಾಳಗಳ ಬಗ್ಗೆ. ಅವರು ಪಾರಿವಾಳದ ಪರವೋ ವಿರುದ್ಧವೋ ಗೊತ್ತಾಗುವಷ್ಟರಲ್ಲಿ ಟಿಂಗ್.

ನಾನು ಎದ್ದೆ. ಮೈಕು ಸಿಕ್ಕಿದ್ದೇ ತಡ, ಗಾಜಿನ ಕೋಣೆಯವಳು ಬಂದುಬಿಟ್ಟಳು. ನಡುಗುವ ನೀರು, ಟೈಲರಣ್ಣನ ಸೂಜಿ, ಪರೀಕ್ಷೆಗೆ ಓದುವ ಮಕ್ಕಳು, ವಯಸ್ಸಾದ ನನ್ನ ತಂದೆ — ಎಲ್ಲ ಹೇಳಿದೆ. ಹೌದು, ಅಪ್ಪನ ಹೆಸರಲ್ಲೂ ಕೇಳಿದೆ. ಟಿಂಗ್ ಅನ್ನುವ ಮೊದಲೇ ಮುಗಿಸಿದೆ. ಚಪ್ಪಾಳೆ!

ಹಳೆ ಮೋಟಾರು ತೆಗೆದು ಸದ್ದಿಲ್ಲದ ಹೊಸದು ಹಾಕಿಸುವುದಾಗಿ ಎಂಜಿನಿಯರು ಅಲ್ಲೇ ಒಪ್ಪಿದರು. ಹೊರಗೆ ಬಂದ ಮೇಲೆ ಟೀಚರಮ್ಮ ಬೆನ್ನು ತಟ್ಟಿದರು. ಮನೆವರೆಗೂ ಕಾಲು ನೆಲಕ್ಕೆ ತಾಕಲಿಲ್ಲ.

ಏಪ್ರಿಲ್ 22, ಸೋಮವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಇವತ್ತು ಆಯಿತು.

ಮಧ್ಯಾಹ್ನ ನಾನು ಮನೆಗೆ ಬರುವಷ್ಟರಲ್ಲಿ ಹಳೆ ಮೋಟಾರನ್ನು ಲಾರಿಗೆ ಏರಿಸಿದ್ದರು. ಹಸಿರು ಬಣ್ಣ, ಮೈಯೆಲ್ಲ ಎಣ್ಣೆ. ಇಷ್ಟು ಸಣ್ಣದಾ ಅನ್ನಿಸಿತು. ಹೊಸದರ ಗುಂಡಿ ಒತ್ತಿದರು. ಏನೂ ಇಲ್ಲ. ನಲ್ಲಿ ತಿರುಗಿಸಿದರೆ ನೀರು ಮಾತ್ರ ಬರುತ್ತದೆ.

ಬೀದಿಯಲ್ಲಿ ಎಲ್ಲರೂ ಹೊರಗೆ ನಿಂತು ಕಿವಿಗೊಟ್ಟೆವು. ಯಾರ ಮನೆಯಲ್ಲೋ ಚಮಚ ಬಿತ್ತು. ಅದು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದಕ್ಕೆ ಎಲ್ಲರಿಗೂ ನಗು. ಟೈಲರಣ್ಣ ಸ್ವಲ್ಪ ಹೊತ್ತು ಪಿಸುಮಾತಿನಲ್ಲೇ ಮಾತಾಡಿದ.

ಏಪ್ರಿಲ್ 23, ಸಂಜೆ

ಅಪ್ಪ ನಿನ್ನೆಯಿಂದ ಮಲಗಿಲ್ಲ. ಕುರ್ಚಿಯ ತುದಿಯಲ್ಲಿ ಕೂತಿದ್ದಾರೆ. ಗೋಡೆಗೆ ಅಂಗೈ ಇಟ್ಟುಕೊಂಡು.

“ಪುಟ್ಟಿ, ಏನೋ ಸದ್ದಾಗ್ತಿದೆ. ನಿಲ್ಸು.”

“ಯಾವ ಸದ್ದಪ್ಪಾ? ಏನೂ ಇಲ್ಲ.”

“ಅದೇ. ಅದನ್ನೇ ಹೇಳ್ತಿರೋದು.”

ಕಿವಿ ಮಂದವಾಗಿರಲಿಲ್ಲ ಅಪ್ಪನದು. ಅವರಿಗೆ ಅದು ಸದ್ದೇ ಆಗಿರಲಿಲ್ಲ, ಅಷ್ಟೇ.

ಮೇ 3, ಶುಕ್ರವಾರ

ಊರಿಗೆ ನೀರು ನಿಂತಿದೆ ಅಂತ ಅಪ್ಪನ ಲೆಕ್ಕ. ಹೊತ್ತಲ್ಲದ ಹೊತ್ತಿನಲ್ಲಿ ಚಿಲಕ ತೆಗೆದು ಹೊರಡುತ್ತಾರೆ. ಪಂಪ್‌ಹೌಸಿನ ಬೀಗ ಜಗ್ಗುತ್ತಾರೆ. ನಲ್ಲಿ ಬಿಟ್ಟು ತೋರಿಸಿದರೆ, “ಇದು ಪೈಪಲ್ಲಿ ಉಳಿದಿದ್ದು, ಈಗ ಖಾಲಿಯಾಗುತ್ತೆ ನೋಡು” ಅನ್ನುತ್ತಾರೆ. ಖಾಲಿಯಾಗುವುದನ್ನು ಕಾಯುತ್ತ ಇಬ್ಬರೂ ನಲ್ಲಿಯ ಮುಂದೆ ನಿಂತಿದ್ದೆವು ಇವತ್ತು. ನನಗೂ ಖಾಲಿಯಾಗುತ್ತದೇನೋ ಅನ್ನಿಸತೊಡಗಿತ್ತು.

ಫ್ಯಾನು ಜೋರು ಮಾಡಿ ನೋಡಿದೆ. ಮಿಕ್ಸಿ ತಿರುಗಿಸಿದೆ. ಫೋನಿನಲ್ಲಿ ಯಾವುದೋ ಪಂಪಿನ ಸದ್ದು ಹುಡುಕಿ ಹಾಕಿದೆ. ಒಂದು ಕ್ಷಣ ಕೇಳಿ ಮುಖ ಸಿಂಡರಿಸಿದರು. “ಇದ್ಯಾರ್ದೋ. ನಮ್ದಲ್ಲ.” ನಮ್ಮದನ್ನು ಯಾರೂ ರೆಕಾರ್ಡ್ ಮಾಡಿಟ್ಟುಕೊಂಡಿಲ್ಲ. ಬೇಡ ಅಂತ ಹೋರಾಡಿದ್ದನ್ನು ಯಾರು ಇಟ್ಟುಕೊಳ್ಳುತ್ತಾರೆ?

ಬೇರೆ ಊರಿನಲ್ಲಿರುವ ಅಣ್ಣನ ಫೋನು. ಎಲ್ಲ ಕೇಳಿಸಿಕೊಂಡ. “ಒಬ್ಳೇ ಎಷ್ಟು ಅಂತ ಹೆಣಗ್ತೀಯ? ಜೂನ್ ಹದಿನೈದಕ್ಕೆ ಬರ್ತೀನಿ. ಅಷ್ಟರಲ್ಲಿ ಸರಿಹೋಗದಿದ್ರೆ ಹೋಮ್‌ಗೆ ಸೇರಿಸೋಣ. ಅಲ್ಲಿ ನೋಡ್ಕೊಳ್ಳೋರು ಇರ್ತಾರೆ.” ಕೆಟ್ಟದ್ದು ಹೇಳಲಿಲ್ಲ ಅವನು. ಅದಕ್ಕೇ ಎದುರಾಡಲಾಗಲಿಲ್ಲ.

ನನಗೆ ಅಪ್ಪ ಬೇಕು. ಇದೇ ಮನೆಯಲ್ಲಿ, ಇದೇ ಕುರ್ಚಿಯಲ್ಲಿ.

ಮೇ 17, ಶುಕ್ರವಾರ

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಓಡುತ್ತಿದೆ.

ಬೆಳಿಗ್ಗೆ ಟೈಲರಣ್ಣನ ಫೋನು. “ಅಂಗಡಿ ಬಾಗಿಲಲ್ಲೇ ಕೂತಿದ್ದೆ ಕಣಮ್ಮ. ಗುಂಡಿ ಹೊಲಿಯೋಕೆ ತಲೆ ಬಗ್ಗಿಸಿದೆ ಅಷ್ಟೇ. ಎತ್ತೋವಷ್ಟರಲ್ಲಿ ನಿಮ್ಮಪ್ಪ ಇಲ್ಲ! ಚಪ್ಪಲಿ ಬಾಗಿಲಲ್ಲೇ ಇದೆ.” ಪಂಪ್‌ಹೌಸಿನಲ್ಲಿಲ್ಲ. ಬೀದಿಯಲ್ಲಿಲ್ಲ.

ಗಾಜಿನ ಕೋಣೆಯಿಂದ ಎದ್ದು ಓಡಬೇಕು ಅಂದುಕೊಂಡೆ. ಎತ್ತ ಓಡುವುದು? ಕೈ ತಾನಾಗಿ ಮೈಕಿನ ಗುಂಡಿ ಒತ್ತಿತು. “ಪ್ರಯಾಣಿಕರ ಗಮನಕ್ಕೆ. ವಯಸ್ಸಾದವರೊಬ್ಬರು ಕಾಣೆಯಾಗಿದ್ದಾರೆ. ಬಿಳಿ ಅಂಗಿ, ಕಾಲಲ್ಲಿ ಚಪ್ಪಲಿ ಇಲ್ಲ. ಪಂಪ್‌ಹೌಸ್ ಎಲ್ಲಿ ಎಂದು ಕೇಳಬಹುದು.” ಅದೇ ದನಿ, ಅದೇ ಏರಿಳಿತ. ಬಸ್ಸು ತಡವಾಗಿದೆ ಎಂದು ಹೇಳುವ ಹಾಗೆ. ನನ್ನ ದನಿಯೇ ನನಗೆ ಅಸಹ್ಯವಾಯಿತು. ಆದರೂ ಮತ್ತೆ ಮತ್ತೆ ಹೇಳಿದೆ.

ಕೊನೆಗೆ ಒಬ್ಬ ಕಂಡಕ್ಟರ್ ಬಂದು ಗಾಜು ತಟ್ಟಿದ. “ಮೇಡಂ, ನಮ್ಮ ಬಸ್ಸಲ್ಲಿ ಒಬ್ರಿದಾರೆ. ಟಿಕೆಟ್ ಕೇಳಿದ್ರೆ ‘ಡ್ಯೂಟಿ ಮೇಲಿದೀನಿ’ ಅಂದ್ರು. ಆಮೇಲೆ ಮಲಗಿಬಿಟ್ರು.”

ಹಿಂದಿನ ಸೀಟು. ಎಂಜಿನ್ ಆನ್ ಇತ್ತು, ಸೀಟು ಗದಗದ ನಡುಗುತ್ತಿತ್ತು. ಕಿಟಕಿಗೆ ತಲೆಯಾನಿಸಿ ಅಪ್ಪ ಗಾಢ ನಿದ್ದೆ. ಪಾದವೆಲ್ಲ ಕೆಂಪು ಮಣ್ಣು. ಎಷ್ಟೋ ದಿನದ ಮೇಲೆ ಆ ಮುಖ ಸಡಿಲವಾಗಿತ್ತು.

ಡ್ರೈವರ್ ಎಂಜಿನ್ ಆಫ್ ಮಾಡಿದ. ಕಣ್ಣು ಬಿಟ್ಟರು. “ಎಲ್ಲೋಯ್ತು ಅಂತ ನೋಡೋಕೆ ಬಂದೆ ಪುಟ್ಟಿ.”

ತಬ್ಬಿಕೊಂಡು ಅತ್ತೆ. ಬಸ್ಸಿನ ತುಂಬ ಜನ ನೋಡುತ್ತಿದ್ದರು. ನೋಡಲಿ.

ಮೇ 19, ಭಾನುವಾರ

ಬೀದಿಯವರೆಲ್ಲ ಮತ್ತೆ ನಮ್ಮ ಮನೆಯಲ್ಲಿ. ಈ ಸಲ ಲೋಟದ ನೀರು ಅಲುಗಲಿಲ್ಲ. ಮೊದಲು ಬಾಯಿಬಿಟ್ಟವನು ಟೈಲರಣ್ಣ.

“ನಿಜ ಹೇಳ್ಲಾ? ನನಗೂ ನಿದ್ದೆ ಇಲ್ಲ. ನನ್ನ ಎದೆ ಬಡಿತ ನನಗೇ ಕೇಳ್ಸುತ್ತೆ ಕಣ್ರೀ. ಬದುಕಿದೀನಿ ಅಂತ ಇಷ್ಟೊಂದು ಗೊತ್ತಾಗ್ಬಾರ್ದು.”

ಒಬ್ಬೊಬ್ಬರದೂ ಹೊರಗೆ ಬಂತು. ಮಕ್ಕಳಿಗೆ ಓದು ಹತ್ತುತ್ತಿಲ್ಲ. ಗಂಡ ಹೆಂಡತಿ ಮೆಲ್ಲಗೆ ಜಗಳವಾಡುವುದೂ ಕಷ್ಟವಾಗಿದೆ. ನಗಬೇಕೋ ಅಳಬೇಕೋ!

ಹಾಗಾದರೆ ಸದ್ದನ್ನು ವಾಪಸು ಕೇಳೋಣ. ಆದರೆ ಇತ್ಯರ್ಥವಾದ ದೂರನ್ನು ಒಂದು ವರ್ಷ ಎತ್ತುವಂತಿಲ್ಲ, ಅದು ಕೌನ್ಸಿಲ್ಲಿನ ನಿಯಮ. ಟೀಚರಮ್ಮ ಕನ್ನಡಕ ಒರೆಸುತ್ತ ಕೂತಿದ್ದರು.

“ಸಭೆಯ ಕೊನೇಲಿ ‘ನಾಗರಿಕರ ಕೃತಜ್ಞತೆ’ ಅಂತ ಒಂದು ವಿಷಯ ಇರುತ್ತೆ. ಅದಕ್ಕೂ ಮೂರು ನಿಮಿಷ. ಇಷ್ಟು ವರ್ಷದಲ್ಲಿ ಒಬ್ರೂ ಎದ್ದಿದ್ದು ನಾನು ನೋಡಿಲ್ಲ. ದೂರು ಕೊಡೋಕೆ ತಾನೇ ತಡೆ? ಥ್ಯಾಂಕ್ಸ್ ಹೇಳೋಕೆ ಯಾರು ಬೇಡ ಅಂತಾರೆ?”

ಜೂನ್ 6, ಗುರುವಾರ

ಎಲ್ಲವನ್ನೂ ಬರೆಯಬೇಕು, ಬೆಳಿಗ್ಗೆಗೆ ಕನಸಾಗಿಬಿಡುವ ಮೊದಲು.

ಅಪ್ಪನನ್ನೂ ಕರೆದುಕೊಂಡು ಹೋದೆವು. ಅದೇ ಕಂದು ಪರದೆ, ಅದೇ ಫ್ಯಾನು. ಪಾರಿವಾಳದವರು ಮತ್ತೆ ಬಂದಿದ್ದರು. (ಪರ.) ಅಪ್ಪನ ಬೆರಳುಗಳು ಕುರ್ಚಿಯ ಕೈಯನ್ನು ತಡವುತ್ತಲೇ ಇದ್ದವು, ಏನನ್ನೋ ಹುಡುಕುತ್ತ.

ಅಧ್ಯಕ್ಷೆ ಬ್ಯಾಗಿನ ಜಿಪ್ಪು ಎಳೆಯುತ್ತ, “ನಾಗರಿಕರ ಕೃತಜ್ಞತೆ... ಯಾರೂ ಇಲ್ಲ ತಾನೇ?” ಅಂದರು. ಎದ್ದೆ. ಜಿಪ್ಪು ಅರ್ಧಕ್ಕೇ ನಿಂತಿತು.

“ಪಂಪು ನಿಶ್ಶಬ್ದ ಮಾಡಿಕೊಟ್ಟಿದ್ದಕ್ಕೆ ಧನ್ಯವಾದ” ಎಂದು ಶುರು ಮಾಡಿದೆ. “ಈಗ ನಮ್ಗೆ ಎಲ್ಲಾ ಕೇಳಿಸ್ತಿದೆ. ಪಕ್ಕದ ಮನೆ ಕೆಮ್ಮು. ಎದುರು ಮನೆಯವರು ಹೊರಳೋದು. ನಮ್ಮಪ್ಪ ಚಿಲಕ ತೆಗೆಯೋದು...” ಇಲ್ಲಿಗೆ ಗಾಜಿನ ಕೋಣೆಯವಳು ಕೈಕೊಟ್ಟಳು. ಉಳಿದದ್ದು ನಾನೊಬ್ಬಳೇ. ದನಿ ಒಡೆಯಿತು. “ಅವ್ರು ಆ ಹಳೇ ಸದ್ದನ್ನ ಹುಡುಕ್ಕೊಂಡು ಹೋಗ್ತಾರೆ. ಚಪ್ಪಲಿ ಇಲ್ದೆ. ಬೇಡ ಅಂತ ಕೇಳಿದ್ದು ನಾನೇ. ಇನ್ನೊಂಬತ್ತು ದಿನಕ್ಕೆ ಅವ್ರನ್ನ ಹೋಮ್‌ಗೆ ಕಳಿಸ್ಬೇಕಾಗುತ್ತೆ. ಅದನ್ನ ವಾಪಸ್ ಕೊಡೋಕಾಗುತ್ತಾ?”

ಯಾರೂ ನಗಲಿಲ್ಲ. ನಗುತ್ತಾರೆ ಅಂದುಕೊಂಡಿದ್ದೆ. ಎಂಜಿನಿಯರ್ ತಲೆ ತಗ್ಗಿಸಿ ಹೇಳಿದರು, “ಹಳೇದು ಗುಜರಿಗೆ ಹೋಯ್ತಮ್ಮ. ಕರಗಿಸಿಯೂ ಆಗಿರುತ್ತೆ. ಎಂಥಾ ಸದ್ದು ಅಂತ ಹೇಳಿ, ಬೇರೇನಾದ್ರೂ ನೋಡೋಣ.”

ಎಂಥಾ ಸದ್ದು? ಮಾತಿಗೆ ಸಿಗಲಿಲ್ಲ. ಮೈಕಿಗೆ ಬಾಯಿ ಹತ್ತಿರ ಮಾಡಿ ಗುನುಗಿದೆ. ಗುಂಯ್... ಗುಂಯ್... ಗುಂಯ್... ಆಮೇಲೆ ಒಂದು ಸಣ್ಣ ತಡವರಿಕೆ ಇತ್ತು ಅದಕ್ಕೆ, ಯಾವಾಗಲೂ. ಅಲ್ಲಿಗೆ ಬಂದು ನಿಂತೆ. ಹಿಂದಿನಿಂದ ಟೈಲರಣ್ಣ ಬೆರಳ ಗೆಣ್ಣಿನಲ್ಲಿ ಕುರ್ಚಿಗೆ ಹೊಡೆದ. ಟಕ್.

ಸರಿಯಾಗಿ ಅಲ್ಲೇ!

ಟೀಚರಮ್ಮ ತಗ್ಗು ದನಿಯಲ್ಲಿ ಸೇರಿಕೊಂಡರು. ಆಮೇಲೆ ಬೀದಿಯವರೆಲ್ಲ. ಯಾರೂ ಕಲಿತದ್ದಲ್ಲ, ಅಭ್ಯಾಸ ಮಾಡಿದ್ದಲ್ಲ, ಆದರೂ ಒಬ್ಬರೂ ತಪ್ಪಲಿಲ್ಲ. ಪಾರಿವಾಳದವರೂ ಸೇರಿದರು ಅಂತ ಕಾಣುತ್ತದೆ. ಸಭಾಂಗಣ ಮೆಲ್ಲಗೆ ನೆಲದಿಂದ ಮೇಲೆದ್ದ ಹಾಗೆ. ಅಧ್ಯಕ್ಷೆಯ ಲೋಟದಲ್ಲಿ ನೀರು ನಡುಗುತ್ತಿತ್ತು. ನಾನು ನೋಡಿದೆ. ಪ್ರಮಾಣ ಮಾಡಿ ಹೇಳಬಲ್ಲೆ.

ಅಪ್ಪನ ಬೆರಳು ನಿಂತಿತು. “ಬೇರಿಂಗಿಗೆ ಗ್ರೀಸ್ ಹಾಕ್ಬೇಕು” ಅಂದರು, ಯಾರಿಗೂ ಅಲ್ಲ. ತಲೆ ವಾಲಿತು. ಮಲಗಿದರು.

ಅಧ್ಯಕ್ಷೆಯ ಬೆರಳು ಗಂಟೆಯ ಮೇಲಿತ್ತು. ಮೂರು ನಿಮಿಷ ಯಾವಾಗಲೋ ಮುಗಿದಿರಬೇಕು. ಬಹಳ ಹೊತ್ತು ಒತ್ತಲಿಲ್ಲ ಆಕೆ. ಕೊನೆಗೆ ಟಿಂಗ್. “ಸಮಯ ಆಯ್ತಮ್ಮ” ಅಂದರು. ತಪ್ಪು ಮಾಡಿದವರ ದನಿಯಲ್ಲಿ. ಅಪ್ಪ ಕಣ್ಣು ಬಿಟ್ಟರು.

ಹೊರಗೆ ಮೆಟ್ಟಿಲಿಳಿಯುವಾಗ ಕೌನ್ಸಿಲ್ಲಿನ ಗುಮಾಸ್ತ ಹಿಂದೆಯೇ ಓಡಿಬಂದ. “ಮೇಡಂ, ಸಭೆಯೆಲ್ಲಾ ರೆಕಾರ್ಡ್ ಆಗಿರುತ್ತೆ. ಯಾರು ಕೇಳಿದ್ರೂ ಪ್ರತಿ ಕೊಡ್ಬೇಕು. ಕೇಳ್ತೀರಾ?”

ಕೇಳಿದೆ.

ಜೂನ್ 11, ಮಂಗಳವಾರ

ಕೊಟ್ಟ ಮಾತಿನಂತೆ ಇವತ್ತು ಪ್ರತಿ ಸಿಕ್ಕಿತು. ಗೋಡೆಗೆ ಒರಗಿಸಿ ಸ್ಪೀಕರ್ ಇಟ್ಟೆ. ಗುಂಯ್... ಗುಂಯ್... ಗುಂಯ್... ಟಕ್. ಅಪ್ಪ ಆಲಿಸಿದರು. “ನಮ್ದೇ” ಅಂದರು. ಕುರ್ಚಿಗೆ ಬೆನ್ನು ಕೊಟ್ಟರು.

ಒಂದೇ ತೊಂದರೆ. ಕೊನೆಗೆ ಟಿಂಗ್ ಇದೆ, ‘ಸಮಯ ಆಯ್ತಮ್ಮ’ ಇದೆ. ಆಮೇಲೆ ಮೌನ. ಅಷ್ಟಕ್ಕೇ ಎಚ್ಚರಗೊಂಡುಬಿಡುತ್ತಾರೆ. ಅದು ಬರುವ ಮೊದಲೇ ಎದ್ದು ಮತ್ತೆ ಮೊದಲಿನಿಂದ ಹಾಕಬೇಕು. ಸಂಜೆಯೆಲ್ಲ ಅದೇ ಕೆಲಸ. ಗಂಟೆಯ ಭಾಗವನ್ನು ಕತ್ತರಿಸಿ, ಸದ್ದನ್ನು ಸುತ್ತಿ ಸುತ್ತಿ ಬರುವ ಹಾಗೆ ಮಾಡಬಹುದಂತೆ, ಟೈಲರಣ್ಣನ ಸೋದರಳಿಯನಿಗೆ ಗೊತ್ತಂತೆ. ಭಾನುವಾರ ಬರುತ್ತಾನೆ. ಅಣ್ಣ ಬರುವುದು ಶನಿವಾರ.

ಜೂನ್ 15, ಶನಿವಾರ, ಸಂಜೆ

ಅಣ್ಣ ಮಧ್ಯಾಹ್ನವೇ ಬಂದ. ಹೋಮ್‌ನವರ ಹತ್ತಿರ ಮಾತಾಡಿಕೊಂಡೇ ಬಂದಿದ್ದಾನೆ. ಪಕ್ಕದಲ್ಲಿ ಕೂತು ಅಪ್ಪ ಮಲಗುವುದನ್ನು ನೋಡಿದ. ನಾನು ಎದ್ದು ಎದ್ದು ಹೋಗುವುದನ್ನೂ ನೋಡಿದ. “ಹೀಗೇ ಎಷ್ಟು ದಿನ? ನೀನು ಯಾವಾಗ ಮಲಗ್ತೀಯ?” ಅಂದ. ಮೆಲ್ಲಗೆ.

ಇದನ್ನು ಬರೆಯುತ್ತ ಹೊತ್ತು ಮರೆತೆ. ಟಿಂಗ್. ‘ಸಮಯ ಆಯ್ತಮ್ಮ.’ ಮೌನ. ಅಯ್ಯೋ ಎಂದು ಎದ್ದೆ. ಅಣ್ಣ ಕೈ ಅಡ್ಡ ಹಿಡಿದು ತಡೆದ.

ಅಪ್ಪನಿಗೆ ಎಚ್ಚರವಾಗಿಲ್ಲ. ಸ್ಪೀಕರ್ ಸುಮ್ಮನಿದೆ, ಗೋಡೆ ಸುಮ್ಮನಿದೆ. ಆದರೂ ಸದ್ದು ಬರುತ್ತಿದೆ, ಸಣ್ಣಗೆ. ಗುಂಯ್... ಗುಂಯ್... ಅಪ್ಪ. ನಿದ್ದೆಯಲ್ಲಿ ಅಪ್ಪನೇ ಗುನುಗುತ್ತಿದ್ದಾರೆ. ತಡವರಿಸುವ ಜಾಗ ಬಂತು. ಅಣ್ಣ ಹುಟ್ಟಿ ಬೆಳೆದದ್ದೂ ಇದೇ ಗೋಡೆಯ ಪಕ್ಕ, ಅದನ್ನು ನಾನು ಮರೆತೇಬಿಟ್ಟಿದ್ದೆ. ಅವನ ಬೆರಳ ಗೆಣ್ಣು ಮೆಲ್ಲಗೆ ಮೇಜಿಗೆ ತಾಕಿತು. ಟಕ್. ಪೆನ್ನು ಕೆಳಗಿಡುತ್ತೇನೆ, ನಾನೂ ಸೇರಿ—