ಬ್ಯಾರನ್ ಸಾಹೇಬರ ಎಡಗಾಲಿನ ಬೂಟು

9 ಫೆಬ್ರವರಿ 1909, ಬೆಳಿಗ್ಗೆ

ಕಾಫಿ ಕಾಯಿಸಿದೆ. ಲೆಫ್ಟಿನೆಂಟ್ ಬ್ಯಾರನ್ ಲೋಥಾರ್ ಸಾಹೇಬರ ಬೂಟು ನೋಡಿದರೆ ಮೊಣಕಾಲುದ್ದ ಕೆಸರು, ರಕ್ತ, ಕುದುರೆಗೂದಲು. ಕುದುರೆ ತಿವಿಯುವ ಸ್ಪರ್ ಬೇರೆ ಎಡಗಾಲಲ್ಲಿ ನಾಪತ್ತೆ! ಬೆಳ್ಳಿಯದು, ಮನೆತನದ ಜಿಂಕೆತಲೆ ಗುರುತಿನದು. ಉಗ್ರಾಣದಿಂದ ಕಬ್ಬಿಣದ್ದೊಂದು ತಂದು ಕಟ್ಟಿದೆ. ಒಂದು ಗಂಟೆ ಉಜ್ಜಿದೆ. ಈಗ ಅದರಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು. ಇಡೀ ಪ್ಶೆಮಿಶ್ಲ್ ಕೋಟೆಯಲ್ಲಿ ನನ್ನಂಥ ಆರ್ಡರ್ಲಿ ಇಲ್ಲ. ಈಸ್ಟರ್‌ಗೆ ಸೈನ್ಯದಿಂದ ಬಿಡುಗಡೆ, ಆಮೇಲೆ ಪರಾಸ್ಕಾ ಜೊತೆ ಮದುವೆ...

ಅದೇ ದಿನ, ಸಂಜೆ

ಲಾಕಪ್ಪಿನಲ್ಲಿದ್ದೇನೆ. ಕರ್ನಲ್ಲರ ಕುದುರೆ ಸಾನ್ ನದಿಯ ಮಂಜುಗಡ್ಡೆಯ ಮೇಲೆ ಕಾಲು ಮುರಿದುಕೊಂಡು ಬಿದ್ದಿತ್ತಂತೆ. ನಿನ್ನೆ ಅದನ್ನು ಲಾಯದಿಂದ ಬಿಚ್ಚಿ ತಂದುಕೊಟ್ಟವನು ನಾನೇ — ಸಾಹೇಬರ ಹುಕುಂ, ಯಾರ ಜೊತೆಗೋ ಪಂದ್ಯ. ಹುಕುಂ ಕೊಟ್ಟೇ ಇಲ್ಲ, ಕೋಣೆ ಬಿಟ್ಟು ಹೊರಟೇ ಇಲ್ಲ ಎಂದು ಸಾಹೇಬರು ಮಾನದ ಮೇಲೆ ಆಣೆ ಇಟ್ಟರು. ಬ್ಯಾರನ್ನರ ಆಣೆ ಎಂದರೆ ಮುಗಿಯಿತು.

ಕ್ಯಾಪ್ಟನ್ ನನ್ನ ಕುಲ ಎತ್ತಿ ಅಂದರು: "ಈ ರುಸಿನ್ ಜನಾನೇ ಹಾಗೆ. ತೊಟ್ಟಿಲಲ್ಲೇ ಕುದುರೆ ಕದಿಯೋದು ಕಲೀತಾವೆ." ನಮ್ಮ ಮನೆಯಲ್ಲಿರುವುದು ಒಂದು ಮೇಕೆ.

ನಾನು ಸಾಹೇಬರ ಹೆಸರು ಹೇಳಿದ್ದರಿಂದ ಕಾಗದದಲ್ಲಿ ಮಾತ್ರ ಆಪಾದಿತರು ಇಬ್ಬರೂ. ಸಾಹೇಬರ ಕತ್ತಿ ತೆಗೆದುಕೊಂಡು ಕೋಣೆಯಲ್ಲೇ ಇರಿ ಅಂದರು. ನನ್ನ ಬೆಲ್ಟು ತೆಗೆದುಕೊಂಡು ಇಲ್ಲಿಗೆ ನೂಕಿದರು.

11 ಫೆಬ್ರವರಿ

ಕಾವಲಿನ ಕಾರ್ಪೊರಲ್ ವಾಂಡ್ರಾಚೆಕ್ ಬಂದ. ಚೆಕ್ ಮನುಷ್ಯ, ಒಳ್ಳೆಯವನು.

"ಏಳೋ ಮಾರಾಯ, ಡ್ಯೂಟಿಗೆ."

"ಕೈದಿಗೆಂಥ ಡ್ಯೂಟಿ?"

"ಆಫೀಸರು ಬಂಧನದಲ್ಲಿದ್ರೂ ಆರ್ಡರ್ಲಿ ಇರ್ಲೇಬೇಕಂತೆ, ರೂಲು. ಅವರ ಆರ್ಡರ್ಲಿ ನೀನೇ ತಾನೆ?"

ಬಂದೂಕಿನ ಕಾವಲಿನಲ್ಲಿ ಹೋಗಿ ಬೂಟು ಉಜ್ಜಿದೆ. ಉಜ್ಜುತ್ತಲೇ ತಲೆಗೆ ಹೊಳೆಯಿತು — ಆ ರಕ್ತ, ಆ ಕೂದಲು, ನನ್ನ ಸಾಕ್ಷಿಯನ್ನೆಲ್ಲ ನಾನೇ ತಿಕ್ಕಿ ತೊಳೆದಿದ್ದೆ! ಹೇಳಿದರೆ ವಾಂಡ್ರಾಚೆಕ್ ಗೋಡೆಗೆ ಒರಗಿ ನಕ್ಕ. ನನಗೂ ತಡೆಯಲಾಗಲಿಲ್ಲ. ಸಾಹೇಬರು ಬಿಟ್ಟ ಬಾತುಕೋಳಿ ಕಾಲು ಇಬ್ಬರೂ ಹಂಚಿಕೊಂಡೆವು.

20 ಫೆಬ್ರವರಿ

ಸಾಹೇಬರು ಮೆತ್ತಗೆ ಶುರುಮಾಡಿದರು. "ಒನುಫ್ರಿ, ಒಪ್ಕೊಂಡುಬಿಡೋ. ಎರಡು ವರ್ಷ ಜೈಲು ತಾನೆ. ನನಗಾದ್ರೆ ಹುದ್ದೇನೇ ಹೋಗತ್ತೆ. ನಿಂಗೇನು ಹೋಗತ್ತೆ?"

"ಪರಾಸ್ಕಾ ಹೋಗ್ತಾಳೆ, ಸಾಹೇಬ್ರೇ."

ಗಹಗಹಿಸಿ ನಕ್ಕರು. ನನಗೆ ನಗು ಬರಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ಅವರ ಮೇಲೆ ಸಿಟ್ಟು ಬಂತು.

12 ಮಾರ್ಚ್, ಒಂಬತ್ತೂವರೆ

ಹತ್ತಕ್ಕೆ ಕೋರ್ಟು. ಮಂಜು ಕರಗಿ, ನದಿದಡದಲ್ಲಿ ಮೀನುಗಾರನೊಬ್ಬನಿಗೆ ಜಿಂಕೆತಲೆಯ ಸ್ಪರ್ ಸಿಕ್ಕಿದೆಯಂತೆ. ಜಡ್ಜ್ ಮೇಜಿನ ಮೇಲಿದೆ, ಯಾರದೆಂದು ಇನ್ನೂ ಗೊತ್ತಾಗಿಲ್ಲ ಎಂದು ವಾಂಡ್ರಾಚೆಕ್ ಪಿಸುಗುಟ್ಟಿದ. ಸಾಹೇಬರಿಗೆ ತಮ್ಮದು ಕಳೆದದ್ದೇ ಗೊತ್ತಿಲ್ಲ! ಬೂಟನ್ನು ಅವರು ಯಾವತ್ತು ನೋಡಿದ್ದಾರೆ? ಬಗ್ಗಿ ನೋಡುವುದು ನಮ್ಮಂಥವರ ಕೆಲಸ.

ಇವತ್ತು ಎರಡೂ ಬೂಟನ್ನು ಪ್ರಾಣ ಬಿಟ್ಟು ಉಜ್ಜಿದೆ. ಬಲಗಾಲಲ್ಲಿ ಜಿಂಕೆ, ಎಡಗಾಲಲ್ಲಿ ಸರ್ಕಾರಿ ಕಬ್ಬಿಣ. ಆಫೀಸರು ಸುಳ್ಳು ಹೇಳಿದರು ಎಂದು ನಾನು ಬಾಯಿಬಿಟ್ಟರೆ ನನಗೆ ಇನ್ನೊಂದು ವರ್ಷ ಜಡಿಯುತ್ತಾರೆ. ಆದರೆ ಆರ್ಡರ್ಲಿ ತನ್ನ ಕೆಲಸ ತೋರಿಸಬಾರದು ಎಂಬ ರೂಲು ಎಲ್ಲೂ ಇಲ್ಲ.

ನಗು ಬರುತ್ತಿದೆ. ವಾಂಡ್ರಾಚೆಕ್ ಕೀಲಿ ತಿರುಗಿಸುತ್ತಿದ್ದಾನೆ. ಜಡ್ಜ್‌ಗೆ ಹೇಳುವುದು ಒಂದೇ ಮಾತು, ಬಾಯಿಪಾಠ ಮಾಡಿದ್ದೇನೆ: "ಸ್ವಾಮಿ, ನಾನು ಉಜ್ಜಿದ ಬೂಟು ಹೇಗಿದೆ, ಒಂಚೂರು ಬಗ್ಗಿ —