ಹತ್ತು ಹತ್ತರ ಗಡಿಯಾರ

ಭಾನುವಾರ, ಅಂಗಡಿಗೆ ರಜ

ನನ್ನ ಹಟಮಾರಿ ಮಗಳೇ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ. ಅಂಚೆಯವರು ರಿಪೇರಿಗೆ ಕೊಟ್ಟಿದ್ದ ವಾಚನ್ನು ನಾನು ಮರೆತು ದರ್ಜಿಯ ಕೈಗಿಟ್ಟು ಕಳಿಸಿದೆನಲ್ಲ, ಅಂದಿನಿಂದ ನೀನು ಹಿಡಿದ ಪಟ್ಟು ಗೆದ್ದಿತು. ಜ್ಞಾಪಕಶಕ್ತಿಯ ಪರೀಕ್ಷೆ ಮುಗಿಸಿ ಬಂದೆ. ಫಲಿತಾಂಶ ಕೆಟ್ಟದಾದರೆ ಅಂಗಡಿಗೆ ಬೀಗ ಎಂದು ನೀನು ಹೇಳಿದ್ದೆ. ಪೂರ್ತಿ ಓದಿ ಆಮೇಲೆ ತೀರ್ಪು ಕೊಡು.

ಪರೀಕ್ಷೆ ಹತ್ತೇ ನಿಮಿಷದ್ದು. ವಾಚಿಗೆ ಬೆಲ್ಟ್ ಹಾಕಿಕೊಡಲು ನಾನು ಅದಕ್ಕಿಂತ ಹೆಚ್ಚು ಕಾಯಿಸುತ್ತೇನೆ. ನರ್ಸ್ ನಿನಗಿಂತ ಚಿಕ್ಕವಳು. ಐದು ಪದ ಹೇಳಿ ನೆನಪಿಟ್ಟುಕೊಳ್ಳಿ ಎಂದಳು. ಆಮೇಲೆ, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದಳು. ಗಡಿಯಾರದವನಿಗೆ ಗಡಿಯಾರವೇ! ನಗುತ್ತಲೇ ಬರೆದೆ. ಅವಳು ನಗಲಿಲ್ಲ.

"ತಾತ, ಇದು ಹತ್ತು ಹತ್ತು ಅಲ್ವಾ?"

ಮಾರಾಟಕ್ಕಿಟ್ಟ ವಾಚುಗಳೆಲ್ಲ ಹತ್ತು ಹತ್ತನ್ನೇ ತೋರಿಸುತ್ತವಮ್ಮ, ಮುಳ್ಳು ಹಾಗಿದ್ದರೆ ಮುಖ ನಕ್ಕಂತೆ ಕಾಣುತ್ತದೆ, ಗಿರಾಕಿ ಕರಗುತ್ತಾನೆ, ಪಳಗಿದ ಕೈ ತನ್ನ ಪಾಡಿಗೆ ಓಡಿತು ಎಂದು ವಾದಿಸಿದೆ. ಅರ್ಧ ಒಪ್ಪಿದಳು. ಆದರೆ ಐದು ಪದಗಳಲ್ಲಿ ಮೂರು ಎಲ್ಲೋ ಜಾರಿಹೋಗಿದ್ದವು. ಅದಕ್ಕೆ ವ್ಯಾಪಾರದ ಯಾವ ನೆಪವೂ ಸಿಗಲಿಲ್ಲ.

ಹೊರಗೆ ನಿನ್ನ ಅಮ್ಮ, "ಏನ್ರೀ, ಮುಖ ನೋಡಿದ್ರೆ ಫೇಲಾದ ಹುಡುಗನ ಥರ ಇದೀರಾ?" ಎಂದಳು.

ಡಾಕ್ಟರು ಬಿಡಿಸಿ ಹೇಳಿದರು: ಇದು ಕಾಯಿಲೆ ಎಂಬ ತೀರ್ಮಾನವಲ್ಲ. ಮುಂದೆ ಮರೆವಿನ ಕಾಯಿಲೆ ಬರುವ ಸಂಭವ ನನ್ನ ವಯಸ್ಸಿನ ಇತರರಿಗಿಂತ ತುಸು ಹೆಚ್ಚು, ಬಂದೇ ಬರುತ್ತದೆ ಎಂದೇನಿಲ್ಲ. ವರ್ಷಕ್ಕೊಮ್ಮೆ ಪರೀಕ್ಷೆ, ಬಿ.ಪಿ. ಹತೋಟಿ, ದಿನವೂ ನಡಿಗೆ. ಇನ್ನೊಂದನ್ನೂ ಹೇಳಿದರು, ಅದು ಆಮೇಲೆ.

ಅಂಗಡಿ ಮುಚ್ಚಬೇಕೇ ಎಂದು ಕೇಳಿದೆ.

"ಯಾಕೆ ಯಜಮಾನ್ರೇ? ತಲೆಗೆ ಕೆಲಸ ಇರ್ಲಿ. ಜೊತೆಗೊಬ್ರು ಇರ್ಲಿ, ಸಾಕು."

ಆ ಒಬ್ಬರು ನಿನ್ನ ಅಮ್ಮ. ಗಿರಾಕಿಯ ಎದುರಿಗೇ ವಾಚಿಗೆ ಹೆಸರಿನ ಚೀಟಿ ಕಟ್ಟುತ್ತಾಳೆ, ಕೊಡುವಾಗ ಹೆಸರು ಕೇಳಿ ಕೊಡುತ್ತಾಳೆ. ಚೌಕಾಸಿಗೆ ನಿಂತರೆ ನನ್ನನ್ನೂ ಮೀರಿಸುತ್ತಾಳೆ. ಇಂಥ ಅಂಗಡಿಗೆ ಬೀಗ ಹಾಕಿಸುತ್ತೀಯಾ ಹೇಳು?

ಹೊಸ ಯಜಮಾನಿಗೆ ಹೆದರಿ ನೆಟ್ಟಗೆ ಕೂತಿರುವ,
ನಿನ್ನ ಅಪ್ಪ

ತಾ.ಕ.: ಆ ಇನ್ನೊಂದು, ಕಿವಿ. ಕಿವಿ ಮಂದವಾದರೂ ಮರೆವಿನ ಅಪಾಯ ಹೆಚ್ಚಂತೆ. ಮಿಷನ್ ಹಾಕಿಸಿಕೊಂಡೆ, ಯಾರಿಗೂ ಹೇಳಬೇಡ. ಮರುದಿನ ಅಂಗಡಿ ಬಾಗಿಲು ತೆಗೆದರೆ ಗೋಡೆಯ ತುಂಬ ಟಿಕ್ ಟಿಕ್! ಈಗಿನ ಗಡಿಯಾರಗಳು ಸದ್ದೇ ಮಾಡುವುದಿಲ್ಲ ಎಂದು ಆಣೆಯಿಟ್ಟು ಎಷ್ಟು ಜನರಿಗೆ ಮಾರಿದ್ದೇನೋ!