ಗ್ರಾಫಿಕ್ಸ್ ಕಾರ್ಡು ಒಪ್ಪಿಸುವ ಮುನ್ನ ಮುತ್ತಜ್ಜನಿಗೆ

ಬೆಟಗೇರಿ, ಕೆಳಗಿನ ಓಣಿ
ಆಷಾಢದ ನಲವತ್ತೊಂದನೇ ದಿನ, ಗಾಳಿಶಕೆ ಎಪ್ಪತ್ತೆರಡು

ಪೂಜ್ಯ ಮುತ್ತಜ್ಜ ಪ್ರಭುಲಿಂಗ ಬಣಕಾರ ಅವರಿಗೆ ಮರಿಮೊಮ್ಮಗ ಕುಬೇರಪ್ಪ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಇವನಿಗೆ ಅರಳು ಮರಳು ಎಂದುಕೊಳ್ಳಬೇಡಿ. ನಿಮ್ಮ ಆಷಾಢಕ್ಕೆ ಮೂವತ್ತೇ ದಿನ ಇದ್ದವಂತೆ. ನಮ್ಮಲ್ಲಿ ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳು ಬಿಡದೆ ತಿರುಗುತ್ತಿರುವಷ್ಟು ದಿನವೂ ಆಷಾಢವೇ. ಗಾಳಿ ನಿಂತ ಮರುದಿನ ಶ್ರಾವಣ. ಹೋದ ವರ್ಷ ಆಷಾಢ ಹತ್ತೊಂಬತ್ತಕ್ಕೇ ಮುಗಿದು ಎಲ್ಲರ ಮನೆಯಲ್ಲೂ ಕತ್ತಲೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ನೂರಾ ನಲವತ್ತರ ಆಸುಪಾಸು. ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನಡುವೆ ಇಂಗ್ಲಿಷೂ ಬರಬಹುದು. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ. ನಮ್ಮ ಕಾಲಕ್ಕೆ ಅದನ್ನು ಹಳಗನ್ನಡದ ಪಕ್ಕದ ಕೋಣೆಯಲ್ಲಿ ಕಲಿಸುತ್ತಿದ್ದರು, ನಾಲ್ಕೇ ಜನ ಇದ್ದೆವು. ವಿತ್ ಡ್ಯೂ ರೆಸ್ಪೆಕ್ಟ್, ಆಸ್ ಪರ್ ದಿ ರೂಲ್, ಇಂಥವು ನೆನಪಿವೆ. ಉಳಿದದ್ದು ಹೋಗಿದೆ.

ಈ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿರಿಯರಿಂದ ಬಂದ ಯಾವ ಸಾಮಾನನ್ನಾದರೂ ಮರುಗೂಡಿಗೆ ಒಪ್ಪಿಸುವ ಮುಂಚೆ, ಅದನ್ನು ಮೊದಲು ಕೊಂಡವರಿಗೆ ಒಂದು ಓಲೆ ಬರೆದು ಅಪ್ಪಣೆ ಕೇಳಬೇಕು. ಮರುಗೂಡೆಂದರೆ ಹುಬ್ಬಳ್ಳಿಯಲ್ಲಿ ಹಳೆಯ ಯಂತ್ರಗಳನ್ನು ಕರಗಿಸಿ ಹೊಸದು ಕಟ್ಟುವ ಜಾಗ. ಓಲೆಯನ್ನು ಸಾಮಾನಿನ ಜೊತೆಗೇ ಡಬ್ಬಿಯಲ್ಲಿಟ್ಟು ಕಳಿಸುತ್ತೇವೆ, ಎರಡೂ ಒಂದೇ ಒಲೆಗೆ ಹೋಗುತ್ತವೆ. ಯಾರೂ ಓದುವುದಿಲ್ಲ ಎಂಬ ಧೈರ್ಯಕ್ಕೆ ಜನ ಇದರಲ್ಲಿ ಏನೇನೋ ಬರೆಯುತ್ತಾರೆ. ನಾನೂ ಬರೆಯುತ್ತಿದ್ದೇನೆ.

ವಿಷಯ, ನಿಮ್ಮ ಗೇಮಿಂಗ್ ಕಂಪ್ಯೂಟರು. ನಿಮ್ಮದು ಎಂಬುದು ಗೌರವಕ್ಕೆ ಹೇಳುವ ಮಾತು. ಒಳಗಿನದೆಲ್ಲ ಬದಲಾಗುತ್ತಾ ಬಂದು ಈಗ ಉಳಿದಿರುವುದು ನಿಮ್ಮ ಕರಿ ಡಬ್ಬಿ ಒಂದೇ. ಅದರಲ್ಲಿರುವ ಗ್ರಾಫಿಕ್ಸ್ ಕಾರ್ಡು ನಮ್ಮ ಅಪ್ಪ ಹಾಕಿಸಿದ್ದು, ಆದರೂ ಓಲೆ ಡಬ್ಬಿ ಕೊಂಡವರ ಹೆಸರಿಗೇ ಹೋಗಬೇಕು. ಅದಕ್ಕೀಗ ನನ್ನಷ್ಟೇ ವಯಸ್ಸಾಗಿದೆ. ಕಾದರೆ ಪರದೆಯ ಮೇಲೆ ಹಸಿರು ಚುಕ್ಕೆಗಳು ಬೀಳುತ್ತವೆ, ಫ್ಯಾನು ಮುದುಕ ಕೆಮ್ಮಿದಂತೆ ಕೆಮ್ಮುತ್ತದೆ. ನಾಳೆ ಮರುಗೂಡಿನ ಬಂಡಿ ಬರುತ್ತದೆ. ಹಳೆಯದನ್ನು ಕೊಟ್ಟವರಿಗೆ ಹೊಸದು. ಕೊಡಬೇಕೋ ಬೇಡವೋ ಎಂದು ಎಂಟು ದಿನದಿಂದ ಒದ್ದಾಡುತ್ತಿದ್ದೇನೆ.

ನಿಮಗೂ ಈ ಒದ್ದಾಟ ಗೊತ್ತು. ಡಬ್ಬಿಯ ಪಕ್ಕದ ತಗಡಿಗೆ ಒಳಗಿನಿಂದ ನೀವು ಅಂಟಿಸಿದ ಚೀಟಿ ಇನ್ನೂ ಇದೆ. ‘ಕಾರ್ಡು ಬದಲಿಸುವುದೋ ಬೇಡವೋ? ಮುಂದಿನ ವರ್ಷ ನೋಡೋಣ.’ ಅದರ ಕೆಳಗೆ ಬೇರೆ ಶಾಯಿ, ಬೇರೆ ಕೈ: ‘ಹೋದ ವರ್ಷವೂ ಇದನ್ನೇ ಅಂದಿದ್ರಿ.’ ಅದು ಮುತ್ತಜ್ಜಿಯ ಅಕ್ಷರವೇ ಇರಬೇಕು. ನನ್ನ ಹೆಂಡತಿ ನಿಂಬೆವ್ವ ಮೊದಲ ಸಲ ಈ ಚೀಟಿ ನೋಡಿದಾಗ ಹೊಟ್ಟೆ ಹಿಡಿದು ನಕ್ಕಿದ್ದಳು. ‘ನಿಮ್ಮ ವಂಶದ ಗಂಡಸರಿಗೆ ಮುಂದಿನ ವರ್ಷ ಅನ್ನೂದು ಕುಲದೇವರು ಕಾಣ್ರಿ’ ಅಂದಳು. ಆಗ ನಾವು ಹೊಸದಾಗಿ ಮದುವೆಯಾದವರು.

ನಿಂಬೆವ್ವ ನೇಕಾರರ ಮಗಳು, ಕೈ ಬಹಳ ಚುರುಕು. ಕಾರ್ಡು ಭಾರಕ್ಕೆ ಒಂದು ಬದಿ ಜೋತುಬಿದ್ದಾಗ ತನ್ನಪ್ಪನ ಮಗ್ಗದ ಹಳೆಯ ಲಾಳಿಯನ್ನು ಕೊಯ್ದು ಅದರಡಿ ಆಸರೆ ಕೊಟ್ಟವಳು ಅವಳು. ಮೂವತ್ತೊಂದು ವರ್ಷದಿಂದ ಆ ಕಟ್ಟಿಗೆಯ ತುಂಡಿನ ಮೇಲೇ ಅದು ನಿಂತಿದೆ. ಅವಳಿಗೆ ಓದಲು ಬಾರದಿದ್ದದ್ದು ಇಂಗ್ಲಿಷ್ ಮಾತ್ರ.

ನಮ್ಮಲ್ಲಿ ಸಂಜೆ ಆರರಿಂದ ಏಳರವರೆಗೆ ಹಗುರತಾಸು. ಅಡುಗೆಗೆ, ನೀರಿಗೆ, ದವಾಖಾನೆಗೆ ಕೊಟ್ಟು ಉಳಿದ ಕರೆಂಟನ್ನು ಮನಸ್ಸಿಗೆ ಬಂದಂತೆ ಉರಿಸಬಹುದಾದ ಒಂದೇ ತಾಸು ಅದು. ಕೆಲವರು ಹಾಡು ಹಚ್ಚುತ್ತಾರೆ, ಕೆಲವರು ಸುಮ್ಮನೆ ಎಲ್ಲ ದೀಪ ಹಾಕಿ ಕೂರುತ್ತಾರೆ. ನಾವಿಬ್ಬರೂ ನಿಮ್ಮ ಕಾಲದ ಒಂದು ಆಟ ಆಡುತ್ತಿದ್ದೆವು. ದೊಡ್ಡದೊಂದು ಸೀಮೆ, ಅದರಲ್ಲಿ ಇಬ್ಬರು ದಾರಿಹೋಕರು. ನನ್ನವನಿಗೆ ಕಂಬಳಿ, ಅವಳವಳಿಗೆ ಕೆಂಪು ಸೆರಗು. ಹೊಡೆದಾಟ ಬಡಿದಾಟ ಇಲ್ಲ, ನಡೆಯುವುದಷ್ಟೆ. ಆದರೆ ನಮ್ಮ ಕಾರ್ಡಿಗೆ ಅಷ್ಟು ದೊಡ್ಡ ಸೀಮೆಯನ್ನು ಚಿತ್ರಿಸುವ ತಾಕತ್ತಿರಲಿಲ್ಲ. ಅದಕ್ಕೆ ನಾನು ಸೆಟ್ಟಿಂಗಿನಲ್ಲಿ ನೋಟದ ದೂರವನ್ನು ತೀರ ಕಡಿಮೆ ಮಾಡಿಟ್ಟಿದ್ದೆ. ಇಪ್ಪತ್ತು ಹೆಜ್ಜೆಯಾಚೆ ಬರೀ ಮಂಜು. ಅಲ್ಲಿ ಇಂಗ್ಲಿಷಿನಲ್ಲಿ ಡ್ರಾ ಡಿಸ್ಟೆನ್ಸ್ ಲೋ ಎಂದು ಬರೆದಿತ್ತು. ಏನು ಬರೆದಿದ್ದಾರೆ ಎಂದು ಅವಳು ಕೇಳಿದಾಗ ಹವಾಮಾನ ಎಂದೆ.

ಯಾಕೆ ಹಾಗೆ ಹೇಳಿದೆನೋ ಆಗ ನನಗೇ ಗೊತ್ತಿರಲಿಲ್ಲ. ಬಾಯಿಗೆ ಬಂತು, ಅಂದೆ. ಆಮೇಲೆ ಅದೇ ನಡೆದುಬಂತು. ಹುಡುಗನಾಗಿದ್ದಾಗ ಕಾಲೇಜಿನ ಹಾಸ್ಟೆಲಿನಲ್ಲಿ ಒಳ್ಳೆಯ ಕಾರ್ಡಿನ ಮೇಲೆ ಆ ಆಟ ಆಡಿದ್ದೆ. ಮಂಜಿನಾಚೆ ಏನಿದೆ ಎಂದು ನನಗೆ ಗೊತ್ತಿತ್ತು. ಅಲ್ಲೊಂದು ಕೆರೆ ಇದೆ. ಕೆರೆ ಎಂದರೆ ನಮ್ಮ ಭೀಷ್ಮಕೆರೆಯಂಥದಲ್ಲ, ಈ ದಂಡೆಯಿಂದ ಆ ದಂಡೆ ಕಾಣದು. ತುಂಬ ಬಿಳಿ ಹಕ್ಕಿಗಳು. ಅದರ ಬೆನ್ನಿಗೆ ಹಿಮದ ಬೆಟ್ಟ. ಅವಳು ದಿನಾ ಒಂದು ಸಲವಾದರೂ ಕೇಳುವಳು, ‘ಆಚಿಗೆ ಏನೈತ್ರಿ?’ ನಾನು ಅನ್ನುವೆ, ‘ಏನೂ ಇಲ್ಲ, ಮಾಡಿದವರು ಇಷ್ಟೇ ಮಾಡ್ಯಾರ. ಹಿಂದ ಹಿಂದ ಬಾ, ಎಡಕ್ಕ ಕಲ್ಲೈತಿ ನೋಡು.’ ಅವಳು ಹಿಂದೆ ಹಿಂದೆ ಬರುವಳು.

ಮುತ್ತಜ್ಜ, ನನ್ನ ಕೆಲಸ ಏನಿತ್ತೆಂದು ಹೇಳಿದರೆ ನಿಮಗೆ ಅರ್ಥವಾದೀತು. ಮೂವತ್ತು ವರ್ಷ ನಾನು ಗುಡ್ಡದ ದಾರಿಗಾರ. ಮೋಡ ಕವಿದ ದಿನ ಗಿರಣಿ ರಿಪೇರಿಯವರನ್ನು ಹಗ್ಗ ಹಿಡಿಸಿ ಮೇಲೆ ಕರೆದೊಯ್ಯುವವನು. ನನ್ನ ದನಿ ಕೇಳಿ ಹೆಜ್ಜೆ ಇಡುತ್ತಿದ್ದರು. ಮೊಣಕಾಲು ಹೋದ ಮೇಲೆ ಮನೆಯಲ್ಲಿ ಕೂತೆ. ಕಾಯಿಪಲ್ಲೆ ತರಲು ಹೋದರೂ ಹಾಳಾದದ್ದೇ ತರುತ್ತೇನೆಂದು ಅವಳೇ ಹೋಗುತ್ತಿದ್ದಳು. ಇಡೀ ದಿನದಲ್ಲಿ ನನ್ನ ಮಾತು ಕೇಳಿ ಯಾರಾದರೂ ಎಡಕ್ಕೋ ಬಲಕ್ಕೋ ತಿರುಗುತ್ತಿದ್ದರೆ ಅದು ಆ ಒಂದು ತಾಸು, ಆ ಮಂಜಿನಲ್ಲಿ.

ನಮ್ಮ ಓಣಿಗೆ ಮೂರು ವರ್ಷಕ್ಕೊಂದೇ ಹೊಸ ಕಾರ್ಡು, ಮನೆಗಳ ಪಾಳಿಯ ಮೇಲೆ. ಮೂರು ವರ್ಷದ ಹಿಂದೆ ನಮ್ಮ ಪಾಳಿ ಬಂತು. ಪಾಳಿಯ ಚೀಟಿ ನನ್ನ ಕೈಗೇ ಕೊಟ್ಟರು. ಅದನ್ನು ಹಿಡಿದು ಮನೆಗೆ ಬರುವ ದಾರಿಯಲ್ಲಿ ಕೆರೆ ಕಂಡಂತಾಯಿತು, ಅವಳು ನನ್ನನ್ನು ದಾಟಿ ಓಡಿಹೋದಂತೆಯೂ ಕಂಡಿತು. ಕಾಲು ನಮ್ಮದೇ ಓಣಿಯ ಹುಸೇನಸಾಬ ನದಾಫರ ಮನೆಗೆ ತಿರುಗಿತು. ಅವರ ಹೆಂಡತಿ ಮಾಬೂಬಿ ಪರದೆಯ ಮೇಲೆ ಸೀರೆಯ ಅಂಚಿನ ನಮೂನೆ ಬರೆದು ಮಗ್ಗಕ್ಕೆ ಇಳಿಸುವವಳು, ಅವರ ಕಾರ್ಡು ಸುಟ್ಟುಹೋಗಿ ಕೆಲಸ ನಿಂತಿತ್ತು. ನನ್ನ ಪಾಳಿ ನೀವು ತಗೊಳ್ಳಿ ಎಂದೆ. ಕೊಟ್ಟದ್ದು ಯಾರಿಗೂ ತಿಳಿಯಬಾರದು, ನನ್ನ ಮನೆಯಲ್ಲೂ ಎಂದೆ. ಆ ಮನುಷ್ಯ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಕೊಟ್ಟು ಮುಚ್ಚಿಟ್ಟವನು ಎಂದು ಇವತ್ತಿಗೂ ಅವನು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಒಮ್ಮೆಯೂ ನಾನು ಕೂತ್ಕೊಳ್ಳಪ್ಪಾ, ವಿಷಯ ಹಾಗಲ್ಲ ಎನ್ನಲಿಲ್ಲ.

ಮನೆಗೆ ಬಂದು ನಿಂಬೆವ್ವನಿಗೆ ಹೇಳಿದೆ, ಈ ಸಲ ನಮ್ಮ ಪಾಳಿ ತಪ್ಪಿತು, ಮುಂದಿನ ಸಲ ನೋಡೋಣ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ. ‘ಚೀಟಿ ಅಂಟಸ್ರಿ ಹಂಗಾರ’ ಅಂದಳು, ಅಷ್ಟೇ.

ಮುಂದಿನ ಸಲ ಅವಳಿಗೆ ಬರಲಿಲ್ಲ. ಹೋದ ಮಾಘದಲ್ಲಿ ಎದೆಯಲ್ಲಿ ನೀರು ತುಂಬಿ ಹೋದಳು. ಹೋಗುವ ಹಿಂದಿನ ವಾರದ ತನಕ ಹಗುರತಾಸಿಗೆ ಎದ್ದು ಕೂರುತ್ತಿದ್ದಳು.

ನಿನ್ನೆ ಮಾಬೂಬಿ ಬಂದಳು. ಈ ವರ್ಷದ ಪಾಳಿ ಅವರದು, ಅದನ್ನು ನಮಗೆ ಬಿಟ್ಟುಕೊಡುವುದಾಗಿ ಹುಸೇನಸಾಬ ಎಂಟು ದಿನದ ಹಿಂದೆಯೇ ಹೇಳಿದ್ದ, ಇವಳು ಚೀಟಿ ತಂದು ಜಗಲಿಯ ಮೇಲಿಟ್ಟಳು. ನಾನು ಬೇಡವೆಂದೆ. ‘ಇನ್ನ ಯಾರಿಗೆ ಬೇಕವ್ವಾ? ನಿಂಬೆವ್ವಗ ಅದರ ಮ್ಯಾಲೆ ಆಸೆನ ಇರಲಿಲ್ಲ’ ಎಂದೂ ಸೇರಿಸಿದೆ. ಸತ್ತವಳ ಮೇಲೂ ಒಂದು ಸುಳ್ಳು ಹೇರಿದೆ ನೋಡಿ, ಎಷ್ಟು ಸಲೀಸಾಗಿ ಬಂತು. ಮಾಬೂಬಿ ನನ್ನ ಮುಖ ನೋಡಿದಳು.

‘ಆಸೆ ಇರಲಿಲ್ಲ ಅಂತ ನಿಮಗ ಯಾರ ಹೇಳಿದ್ರು, ಅಣ್ಣಾರ? ಕಾರ್ಡು ಹಾಕಿದ ವಾರದಾಗ ಹೊಸ ನಮೂನಿ ನೋಡಬಾ ಅಂತ ಅಕ್ಕನ್ನ ನಾನ ಕರದೆ. ಬಂದಾಕಿ ನಮೂನಿ ಕಡೆ ಹೊಳ್ಳಿ ನೋಡ್ಲಿಲ್ಲ. ಚಂಚಿ ಬಿಚ್ಚಿ ನಿಮ್ಮ ಆಟದ ಗುಂಡಿ ತಗದ್ಲು. ಇದನ್ನ ಹಾಕ ನೋಡೂಣು ಅಂದ್ಲು.’

ಗುಂಡಿ ಎಂದರೆ ಆಟವನ್ನು ತುಂಬಿಡುವ ಅಂಗಿಗುಂಡಿಯಷ್ಟು ಸಾಮಾನು. ಅದನ್ನು ಎಲೆಅಡಿಕೆ ಚಂಚಿಯಲ್ಲಿಟ್ಟುಕೊಂಡೇ ಹೋಗಿದ್ದಳೆಂದರೆ, ನನ್ನ ಹವಾಮಾನವನ್ನು ಅವಳು ಯಾವತ್ತೋ ಅಳೆದಿಟ್ಟಿದ್ದಳು.

‘ಮಂಜ ಸರದ ಕೂಡ್ಲೆ ಅಕ್ಕ ಬಾಯಿಗೆ ಸೆರಗ ಹಿಡಕೊಂಡ್ಲು. ಇಡೀ ತಾಸು ಆ ಕೆರಿ ದಂಡಿಗೆ ಕುಂತಾಕಿ ಹಕ್ಕಿ ಎಣಿಸಿದ್ಲು. ಇಪ್ಪತ್ತರ ಮುಂದ ತಪ್ಪತಿತ್ತು, ಮತ್ತ ಒಂದರಿಂದ ಹಿಡೀತಿದ್ಲು. ಅಣ್ಣಾರ್ನ ಕರೀಲೇನು ಅಂದೆ. ಬ್ಯಾಡಬೇ ಅಂದ್ಲು. ಅವರಿಗೆ ದಾರಿ ತೋರಸೂದೊಂದ ಉಳದೈತಿ, ಅದನ್ನೂ ಕಸಗೊಂಡ್ರ ಮನ್ಯಾಗ ಮಾತ ನಿಂತ ಹೋಗತಾವು. ನಾ ಬಂದಿದ್ದು ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡ್ಲು. ಇವತ್ತ ನಾನ ಮುರದೆ. ನನ್ನ ಮ್ಯಾಲೆ ಸಿಟ್ಟ ಮಾಡಬ್ಯಾಡ್ರಿ.’

ಸಮಾಧಾನಕ್ಕೆ ಹೇಳಿದಳು, ಪಾಪ. ಚಹಾ ಕುಡಿಯದೆ ಎದ್ದು ಹೋದಳು. ನನಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಮಾಬೂಬಿಗೆ ಗೊತ್ತಿಲ್ಲದ್ದು ಒಂದಿದೆ. ಆ ದಿನದ ನಂತರವೂ ನಿಂಬೆವ್ವ ಕೇಳುವುದನ್ನು ಬಿಡಲಿಲ್ಲ. ಕೆರೆ ನೋಡಿ ಬಂದ ಮೇಲೂ, ಹಕ್ಕಿ ಎಣಿಸಿ ಬಂದ ಮೇಲೂ, ಎರಡು ವರ್ಷಕ್ಕೂ ಹೆಚ್ಚು ಕಾಲ, ದಿನಾ ಸಂಜೆ, ಅದೇ ದನಿಯಲ್ಲಿ, ‘ಆಚಿಗೆ ಏನೈತ್ರಿ?’ ನಾನು ದಿನಾ ಸಂಜೆ ಏನೂ ಇಲ್ಲ ಎಂದೆ. ತಮಾಷೆಗೆ ಕೇಳುತ್ತಿದ್ದಳೋ, ನನ್ನ ಬಾಯಿಂದ ಒಮ್ಮೆ ನಿಜ ಬಂದೀತೆಂದು ಕಾಯುತ್ತಿದ್ದಳೋ, ನಾನಿನ್ನು ತಿಳಿಯಲಾರೆ. ಕೊನೆಯ ವಾರ ಉಸಿರು ಸಾಲದೆ ‘ಆಚಿಗೆ’ ಎಂದಷ್ಟೇ ಅಂದು ನಿಲ್ಲಿಸುತ್ತಿದ್ದಳು. ಅದಕ್ಕೂ ನಾನು ಅದೇ ಉತ್ತರ ಕೊಟ್ಟೆ.

ಹೊಸ ಕಾರ್ಡು ಬೇಡ ಎಂದುಕೊಂಡಿದ್ದು ಅವಳ ನೆನಪಿಗೆ ಎಂದು ಎಂಟು ದಿನ ನನಗೆ ನಾನೇ ಹೇಳಿಕೊಂಡೆ. ಲಾಳಿಯ ತುಂಡು, ಅವಳು ಒರೆಸುತ್ತಿದ್ದ ಫ್ಯಾನು, ಇವನ್ನೆಲ್ಲ ಹೇಗೆ ಒಲೆಗೆ ಕಳಿಸಲಿ ಎಂದು. ಇನ್ನು ಹಾಗೆ ಹೇಳಿಕೊಳ್ಳಲು ಬರುವುದಿಲ್ಲ. ಆ ಕೆರೆಯ ಮುಂದೆ ಹೋಗಿ ನಿಲ್ಲಲು ನನಗೆ ಹೆದರಿಕೆ. ಸತ್ಯ ಅಷ್ಟೇ.

ಇಂದು ಬೆಳಿಗ್ಗೆ ಡಬ್ಬಿ ಬಿಚ್ಚಿ ಕಾರ್ಡು ತೆಗೆದೆ. ಲಾಳಿಯ ತುಂಡು ತೆಗೆದು ಅಲ್ಲೇ ಡಬ್ಬಿಯೊಳಗೆ ಇಟ್ಟೆ, ಹೊಸ ಕಾರ್ಡೂ ಭಾರವೇ ಇರುತ್ತದಂತೆ. ಕಾರ್ಡಿನ ಮೇಲೆ ನಿಮ್ಮ ಮನೆತನದ ಹಕ್ಕಿದೆ, ಒಪ್ಪಿಸಲು ಅಪ್ಪಣೆ ಕೊಡಿ. ಆಸ್ ಪರ್ ದಿ ರೂಲ್ ಕೇಳಬೇಕಾದದ್ದು ಇಷ್ಟೇ. ರೂಲಿನಲ್ಲಿ ಇಲ್ಲದ್ದೊಂದು ಕೇಳುತ್ತೇನೆ. ನೀವು ಆ ಚೀಟಿ ಬರೆದು ಪೆನ್ನಿನ ಮುಚ್ಚಳ ಹಾಕುವ ಮುಂಚೆ, ಕೆಳಗೆ ಇನ್ನೊಂದು ಕೈ ಬರೆಯುವ ಮುಂಚೆ, ಒಮ್ಮೆ ತಿರುಗಿ ಮುತ್ತಜ್ಜಿಯನ್ನು ಕೇಳಿ. ಕಾರ್ಡು ಹಾಕಿಸಿ ಎಂದು ನಾನು ಹೇಳುತ್ತಿಲ್ಲ. ನಿಮಗೆ ಇರುವ ಕಾರ್ಡಿನಲ್ಲೇ ನಡೆಯುತ್ತಿರಬಹುದು. ಅವರಿಗೆ ಎಷ್ಟು ದೂರ ಕಾಣುತ್ತಿದೆ ಎಂದು ಕೇಳಿ, ಸಾಕು.

ನಾಡಿದ್ದು ಹಗುರತಾಸಿಗೆ ಆಟ ನಡೆಸುವ ಎರಡೂ ಹಿಡಿಕೆಗಳನ್ನು ನಾನೇ ಹಿಡಿಯುತ್ತೇನೆ, ಎಡಗೈಯಲ್ಲಿ ನನ್ನದು, ಬಲಗೈಯಲ್ಲಿ ಅವಳದು. ಎಡವುತ್ತೇವೆ, ಆಗಲಿ. ಕೆಂಪು ಸೆರಗನ್ನು ಮುಂದೆ ಬಿಟ್ಟು ಕಂಬಳಿಯವನನ್ನು ಹಿಂದೆ ನಡೆಸುತ್ತೇನೆ. ದಾರಿ ಅವಳಿಗೆ ಗೊತ್ತು. ಕೆರೆಯ ದಂಡೆ ಬಂದಾಗ, ಆಚಿಗೆ ಏನೈತಿ ಎಂದು ಈ ಸಲ ನಾನು ಕೇಳಬೇಕು.

ನಿಮ್ಮ ಪಾದಕ್ಕೆರಗುವ,
ಕುಬೇರಪ್ಪ
ಯುವರ್ಸ್ ಒಬೀಡಿಯೆಂಟ್ಲಿ, ಎಂದು ಕಾಲೇಜಿನಲ್ಲಿ ಬರೆಸುತ್ತಿದ್ದರು.